ಕಾಣದ ಪಾಸ್‌ವರ್ಡ್

ನಾನು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ವರ್ಷವದು. ಮೂಡಲಗಿಯ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಮಗಳು ಕಾಲೇಜಿನಲ್ಲಿದ್ದಾಗ ಬಳಸಿದ ಪುಟ್ಟ ನೆಟ್‌ಬುಕ್ ತಿಜೋರಿಯ ತಳದಲ್ಲಿತ್ತು. ಆನ್ ಮಾಡಿದರೆ ಏಳಲು ಕಾಲು ಗಂಟೆ ಬೇಕು.

ಹುಕ್ಕೇರಿಯಲ್ಲಿರುವ ಅಳಿಯ ಫೋನಿನಲ್ಲಿ, "ಮಾವಾರ, ಅದರಾಗಿನ ವಿಂಡೋಸ್ ತಗದು ಲಿನಕ್ಸ್ ಹಾಕ್ರಿ. ಹಳೇ ಮಶಿನ್ನಿಗೆ ಅದ ಹಗುರ ಆಗತೈತಿ" ಎಂದರು. ಪೆನ್‌ಡ್ರೈವ್ ಒಂದನ್ನು ತಯಾರು ಮಾಡಿ ಕಳಿಸಿಯೂ ಕೊಟ್ಟರು. ವಿಡಿಯೋ ನೋಡುತ್ತ, ನಿಲ್ಲಿಸುತ್ತ, ಮತ್ತೆ ನೋಡುತ್ತ ಮೂರು ದಿನದಲ್ಲಿ ಹಾಕಿಯೇಬಿಟ್ಟೆ. ನೆಟ್‌ಬುಕ್ ಒಂದೇ ನಿಮಿಷದಲ್ಲಿ ಎದ್ದು ಕೂತಿತು. ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ.

ಭಜನಾ ಮಂಡಳಿಯ ಪದಗಳನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಬೇಕೆಂಬ ಆಸೆ ನನ್ನದು. ಕನ್ನಡ ಟೈಪಿಂಗಿಗೆ ಕಪ್ಪು ಪರದೆಯೊಂದನ್ನು ತೆರೆದು, ಇಂಥದೊಂದು ಸಾಲು ಬರೆಯಿರಿ ಎಂದು ವಿಡಿಯೋದಲ್ಲಿತ್ತು. ಬರೆದೆ. ಪಾಸ್‌ವರ್ಡ್ ಕೇಳಿತು. ಒತ್ತಿದೆ, ಒಂದಕ್ಷರವೂ ಬೀಳಲಿಲ್ಲ. ಹತ್ತು ಸಲ ಒತ್ತಿದರೂ ಇಲ್ಲ.

ಹಿಂದಿನ ದಿನ ನನ್ನ ಹೆಂಡತಿ ಮಹಾದೇವಿ ನೆಟ್‌ಬುಕ್ಕಿನ ಪಕ್ಕ ಚಹಾ ಇಡುವಾಗ ಕಪ್ಪು ತುಳುಕಿತ್ತು. ಅವಳ ಬಲಗೈ ಸಣ್ಣಗೆ ನಡುಗುತ್ತಿದ್ದುದನ್ನು ನಾನು ಕಂಡಿದ್ದೆ, ಯಾಕೆಂದು ಕೇಳಿರಲಿಲ್ಲ.

"ನಿನ್ನ ಚಾದಿಂದ ಕೀಬೋರ್ಡ್ ಹೋತು ನೋಡು. ಒಂದು ಕಪ್ಪು ನೆಟ್ಟಗ ಹಿಡಿಯಾಕ ಬರೂದಿಲ್ಲ ನಿನಗ" ಎಂದೆ.

"ಬಾಜೂಕ ಬಿದ್ದೈತ್ರಿ, ಅದರ ಮ್ಯಾಲ ಬಿದ್ದಿಲ್ಲ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನದಿಂದ ಚಹಾ ನನ್ನ ಹತ್ತಿರ ಬರುವುದು ನಿಂತಿತು. ಅಡಿಗೆಮನೆ ಹೊಸ್ತಿಲ ಒಳಗೇ ಇಡುತ್ತಿದ್ದಳು, ನಾನೇ ಹೋಗಿ ತಗೊಳ್ಳಬೇಕು. ಮಾತೂ ಅಷ್ಟಕ್ಕಷ್ಟೇ.

ಮೂರನೆಯ ದಿನ ನೆಟ್‌ಬುಕ್ ಚೀಲದಲ್ಲಿ ಹಾಕಿಕೊಂಡು ಗೋಕಾಕಕ್ಕೆ ಹೋದೆ. ರಿಪೇರಿ ಅಂಗಡಿಯಲ್ಲಿ ನಲವತ್ತರ ಆಸುಪಾಸಿನ ಹೆಣ್ಣುಮಗಳು ಕೂತಿದ್ದರು. ಕೀಬೋರ್ಡ್ ಬದಲಿಸಿ ಕೊಡಿ ಎಂದೆ.

"ಮೊದಲ ನನ್ನ ಮುಂದ ಒಮ್ಮೆ ಮಾಡಿ ತೋರಸ್ರಿ ಕಾಕಾರ."

ವಿಡಿಯೋ ನೋಡಿ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು ಆ ಸಾಲು ಬರೆದೆ. ಪಾಸ್‌ವರ್ಡ್ ಒತ್ತಿದೆ. ಏನೂ ಬೀಳಲಿಲ್ಲ. "ನೋಡ್ರಿ, ಹೋಗೇತಿ" ಎಂದೆ.

"ಈ ಮ್ಯಾಲಿನ ಸಾಲು ಯಾರು ಬರದ್ರು?"

"ನಾನ."

"ಯಾ ಕೀಬೋರ್ಡಿನಾಗ?"

ಇದರಲ್ಲೇ ಬರೆದಿದ್ದೆ. ಆ ಸಾಲು ಮೊದಲ ದಿನವೂ ನನ್ನ ಕಣ್ಣೆದುರಿಗೇ ಇತ್ತು.

ಅವರು ನಗಲಿಲ್ಲ. "ಬಾಜೂದವರಿಗೆ ಕಾಣಬಾರದಂತ ಇದರಾಗ ಪಾಸ್‌ವರ್ಡಿಗೆ ಚುಕ್ಕಿ ಸೈತ ತೋರಸೂದಿಲ್ರಿ. ಬೀಳತೈತಿ, ಕಾಣೂದಿಲ್ಲ ಅಷ್ಟ. ಬರದು ಎಂಟರ್ ಒತ್ರಿ."

ಒತ್ತಿದೆ. ಪರದೆಯ ತುಂಬ ಸಾಲುಗಳು ಸರಸರನೆ ಓಡಿದವು.

ವಾಪಸು ಬರುವ ಬಸ್ಸಿನಲ್ಲಿ ಕೂತವನಿಗೆ ಕಂಪ್ಯೂಟರ್ ಸರಿಯಾದ ಖುಷಿ ಒಂದಿಷ್ಟೂ ಇರಲಿಲ್ಲ. ಮನೆಗೆ ಬಂದಾಗ ಮಹಾದೇವಿ ಜೋಳ ಹಸನು ಮಾಡುತ್ತಿದ್ದಳು. ಚಪ್ಪಲಿ ಬಿಟ್ಟವನೇ ಎದುರು ಕೂತೆ.

"ಕೀಬೋರ್ಡ್ ಚೊಲೋ ಐತಿ. ಸುಮ್ಮಸುಮ್ಮನ ನಿನಗ ಅಂದೆ. ನಂದ ತಪ್ಪು."

ಮದುವೆಯಾದ ಮೇಲೆ ಅವಳಿಗೆ ನಾನು ಇಂಥ ಮಾತು ಹೇಳಿದ್ದು ಅದೇ ಮೊದಲು. ಅವಳು ಜೋಳದ ಮೊರವನ್ನು ಬದಿಗಿಟ್ಟಳು. ಆಮೇಲೆ, "ಅದು ಹೋಗ್ಲಿ ಬಿಡ್ರಿ. ಆದ್ರ ಕೈ ನಡಗೂದು ಖರೆ ಐತಲ್ಲ" ಎಂದು ಬಲಗೈ ಮುಂದೆ ಚಾಚಿದಳು. ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ಅವಳು ಅಂಜಿದ್ದಾಳೆಂದು ನನಗೆ ತಿಳಿದದ್ದು ಆಗ.

ಮರುದಿನ ಇಬ್ಬರೂ ಗೋಕಾಕದ ಡಾಕ್ಟರ ಹತ್ತಿರ ಹೋದೆವು. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯಿಡ್ ತೊಂದರೆ ಎಂದು ಗೊತ್ತಾಯಿತು. ಗುಳಿಗೆ ಶುರುವಾಗಿ ಐದಾರು ತಿಂಗಳಲ್ಲಿ ಕೈ ನಡುಕ ನಿಂತಿತು. ಈಗ ಆರಾಮಾಗಿದ್ದಾಳೆ.

ಆದರೆ ಆ ದಿನದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. "ಎಷ್ಟು ದಿನದಿಂದ ಹಿಂಗಾಗೈತಿ?" ಎಂದು ಡಾಕ್ಟರು ಕೇಳಿದಾಗ ನಾನೇ ಮುಂದಾಗಿ, "ಒಂದು ತಿಂಗಳಾಗಿರಬೇಕ್ರಿ" ಎಂದೆ.

ಮಹಾದೇವಿ ತಲೆ ತಗ್ಗಿಸಿ, ಮೆಲ್ಲಗೆ, "ಒಂದು ವರ್ಷಾತ್ರಿ" ಎಂದಳು.