ಮಂಗಳಗಿರಿಯ ದಾರಿಯಲ್ಲಿ ಅಕ್ಕ

ಗಂಜಿ ಕುದಿಯುವ ವಾಸನೆ ಎಲ್ಲಿ ಬಂದರೂ ನನ್ನ ಕಾಲು ನಿಲ್ಲುತ್ತದೆ. ಆ ಬೆಚ್ಚಗಿನ, ತುಸು ಹುಳಿ ಬೆರೆತ ವಾಸನೆಯ ಹಿಂದೆಯೇ ವಿಜಯವಾಡದ ನಮ್ಮ ಎರಡು ಕೋಣೆಯ ಬಾಡಿಗೆ ಮನೆ ಎದ್ದು ಬರುತ್ತದೆ. ರಾಯಚೂರಿನಿಂದ ಹೋಗಿ ನೆಲೆಸಿದ ಅಪ್ಪ ಅಲ್ಲಿ ಅಂಗಡಿಗಳ ಸೀರೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಡುತ್ತಿದ್ದ. ಅವ್ವ ಬೇಗ ತೀರಿಕೊಂಡಿದ್ದರಿಂದ ಗಂಜಿಯ ಹಂಡೆ ಅಕ್ಕ ಶಾಂತಳ ಪಾಲಿಗೆ ಬಂದಿತ್ತು. ಅಂಗಳದ ತುಂಬ ಹಗ್ಗ, ಹಗ್ಗದ ತುಂಬ ಕೃಷ್ಣೆಯಾಚೆಯ ಮಂಗಳಗಿರಿಯ ಹತ್ತಿ ಸೀರೆ. ಅವುಗಳ ನಡುವೆ ಅಕ್ಕನ ಬಳೆ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಈಗ ಅಲ್ಲಿ ಯಾರದೋ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಇಂಥದ್ದೊಂದು ಅಂಗಳ ಕಳೆದುಕೊಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಪ್ಪನ ಸೈಕಲ್ಲಿನಲ್ಲಿ ಸೀರೆಯ ಗಂಟು ಸಾಗಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು, ಅಕ್ಕನಿಗೆ ವಿಶಾಖಪಟ್ನಂನ ಸಂಬಂಧ ಕುದುರಿತು. ಆಗ ಅವಳು ಒಂದೇ ಒಂದು ಕೇಳಿದಳು. "ತಮ್ಮಾ, ಇಷ್ಟು ವರ್ಷ ಮಂಗಳಗಿರಿ ಸೀರಿಗೆ ಗಂಜಿ ಹಾಕೀನಿ. ಅವನ್ನ ನೇಯೋದು ಒಮ್ಮೆ ನೋಡಬೇಕು. ಸೈಕಲ್ ಮ್ಯಾಲೆ ಕರಕೊಂಡು ಹೋಗ್ತೀಯೇನು?"

"ಭಾನುವಾರ ಹೋಗೋಣ," ಅಂದೆ.

ಹಿಂದೊಮ್ಮೆ ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುವಾಗ ಬೀದಿಯ ಹುಡುಗರು "ಏರಾ, ಮೀ ಅಕ್ಕಕಿ ರಿಕ್ಷಾವಾಡಿವಾ?" ಎಂದು ನಕ್ಕಿದ್ದರು. ಅಕ್ಕನ ರಿಕ್ಷಾದವನು ಎಂಬ ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಭಾನುವಾರ ಬೆಳಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಳು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಲೇ ನಾನು ಸೈಕಲ್ ಹೊರಗೆ ತಳ್ಳಿ ಒಬ್ಬನೇ ಹತ್ತಿಬಿಟ್ಟೆ.

ಹೇಳಲು ನಾಚಿಕೆಯಾಗುತ್ತದೆ, ನನ್ನ ಬದುಕಿನಲ್ಲಿ ಅಷ್ಟು ಚಂದದ ಸವಾರಿ ಮತ್ತೊಂದಿಲ್ಲ. ಹಿಂದೆ ಗಂಟಿಲ್ಲ, ಮುಂದೆ ಅವಸರವಿಲ್ಲ. ಬ್ಯಾರೇಜಿನ ಮೇಲೆ ಕೃಷ್ಣೆಯ ಗಾಳಿ ಅಂಗಿಯೊಳಗೆ ತುಂಬಿಕೊಂಡಿತು. ಆಚೆ ಕಾಲುವೆಯ ಏರಿ, ಏರಿಯ ಕೆಳಗೆ ಬಾಳೆ, ಅರಿಶಿನದ ಹಸಿರು. ಕತ್ತಿನವರೆಗೆ ಮುಳುಗಿದ ಎಮ್ಮೆಗಳು ನನ್ನನ್ನು ನೋಡಿಯೂ ನೋಡದಂತಿದ್ದವು. ಪೆಡಲ್ ತುಳಿಯುವುದನ್ನು ಮರೆತು ಎಷ್ಟೋ ಹೊತ್ತು ಸುಮ್ಮನೆ ಉರುಳಿಕೊಂಡು ಹೋದೆ. ಮಂಗಳಗಿರಿಯ ಬೀದಿಯೊಂದರಲ್ಲಿ ಮಗ್ಗಕ್ಕೆ ಏರಿಸುವ ಹಾಸು ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಡಹೆಂಡಿರಿಬ್ಬರು ಅದಕ್ಕೆ ಬ್ರಷ್ಷಿನಿಂದ ಗಂಜಿ ತೀಡುತ್ತಿದ್ದರು. ಅದೇ ವಾಸನೆ. ಅಲ್ಲಿ ಮಾತ್ರ ಕಾಲೂರಿ ನಿಂತು, ಹಿಂದಿನ ಖಾಲಿ ಕ್ಯಾರಿಯರ್ ಕಡೆ ತಿರುಗಿ ನೋಡಿದೆ.

ಮಧ್ಯಾಹ್ನ ಬಂದಾಗ ಅಕ್ಕ ಹಸಿರು ಸೀರೆಯುಟ್ಟು ಹೊಸ್ತಿಲಲ್ಲಿ ಕೂತಿದ್ದಳು. ಸೀರೆ ಅಂಗಡಿಯ ಸಾಹುಕಾರರು ಅವಸರದಲ್ಲಿ ಕರೆದಿದ್ದರು, ಅವರ ಕೆಲಸಕ್ಕೇ ಮಂಗಳಗಿರಿಗೆ ಹೋಗಬೇಕಾಯಿತು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಸುಳ್ಳ ಹೇಳಾಕೂ ಬರಂಗಿಲ್ಲ ನಿನಗ. ಆತು ಬಿಡು, ಕೈ ತೊಳಿ. ಏನೇನ್ ಕಂಡಿ, ಒಂದೂ ಬಿಡದಂಗ ಹೇಳು."

ಅನ್ನ ಬಡಿಸಿ ಎದುರು ಕೂತಳು. ಹೆಚ್ಚು ಮಾತು ಬಾರದ ನಾನು ಅವತ್ತು ಎಮ್ಮೆಯಿಂದ ಹಿಡಿದು ನೂಲಿನವರೆಗೆ ಎಲ್ಲ ಹೇಳಿದೆ. ಮುಂದಿನ ವಾರ ಮದುವೆಯಾಗಿ ಹೋದಳು. ಇನ್ನೊಮ್ಮೆ ಬಂದಾಗ ಕರೆದೊಯ್ಯುತ್ತೇನೆ ಎಂದುಕೊಂಡೆ. ಅವಳು ಬಂದಾಗಲೆಲ್ಲ ಕಂಕುಳಲ್ಲಿ ಕೂಸಿತ್ತು, ನನಗೆ ಕೆಲಸವಿತ್ತು. ಒಂದು ಮಳೆಗಾಲದ ಜ್ವರದಲ್ಲಿ ಅಕ್ಕ ಹೋಗಿಬಿಟ್ಟಳು.

ಕಾರ್ಯ ಮುಗಿದ ಸಂಜೆ ವಿಶಾಖಪಟ್ನಂನ ಅವಳ ಮನೆಯಲ್ಲಿ ಕೂತಿದ್ದೆ. ದ್ವಾರಕಾ ನಗರದ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದ ಭಾವ ಕಡಿಮೆ ಮಾತಿನ ಮನುಷ್ಯ. ಅವತ್ತು ತಾವಾಗಿಯೇ ಅಂದರು, "ನೀನು ಮಂಗಳಗಿರಿಗೆ ಕರ್ಕೊಂಡು ಹೋಗಿದ್ದನ್ನ ಎಷ್ಟು ಸಲ ಹೇಳಿದ್ಲೋ ಲೆಕ್ಕ ಇಲ್ಲಪ್ಪ. ಎಮ್ಮೆಗಳು, ಬೀದೀಲಿ ನೂಲು... ಬಾಳೆತೋಟದ ಹತ್ರ ನಿಲ್ಲಿಸಿ ಅವಳಿಗೂ ಸೈಕಲ್ ಕಲಿಸಿದ್ಯಂತಲ್ಲ."

ಬಾಳೆತೋಟದ ಮಾತು ನಾನು ಹೇಳಿದ್ದಲ್ಲ. ಅದು ಅವಳದೇ. ನನ್ನನ್ನು ಆ ಮನೆಯಲ್ಲಿ ಒಳ್ಳೆಯ ತಮ್ಮನನ್ನಾಗಿ ಇಟ್ಟು ಹೋಗಿದ್ದಳು. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ, ಕನ್ನಡಕ್ಕಿಂತ ತೆಲುಗೇ ಹೆಚ್ಚು ಬರುವ ಅಕ್ಕನ ಮಗಳು ಬಂದು ನನ್ನ ಮೊಣಕಾಲಿಗೆ ಒರಗಿದಳು.

"ಮಾವಯ್ಯಾ, ಅಮ್ಮಗೆ ಸೈಕಲ್ ಮೇಲೆ ಭಯಂ ಆಗಲಿಲ್ಲಾ?"

"ಬ್ಯಾರೇಜ್ ದಾಟೋತನಕ ನನ್ನ ಅಂಗಿ ಗಟ್ಟಿಯಾಗಿ ಹಿಡಕೊಂಡಿದ್ಲು," ಅಂದೆ. "ಆಮೇಲೆ ಬಿಟ್ಲು."