ಕೈ ಬಿಡದ ಚೆಂಡು

ಬಡಗಿಯ ಮಗನಾದ ಆ ಎಡಗೈ ಸ್ಪಿನ್ನರ್‌ನನ್ನು ತಂಡದವರೆಲ್ಲ ಬುಗುರಿ ಎಂದೇ ಕರೆಯುತ್ತಿದ್ದರು. ದೇಶದ ತಂಡದಲ್ಲಿ ಅವನು ಹಲವು ವರ್ಷ ಆಡಿದ. ಅವನ ಚೆಂಡು ಪಿಚ್ಚಿಗೆ ಬಿದ್ದ ಮೇಲೆ ಎತ್ತ ತಿರುಗೀತೆಂದು ಘಟಾನುಘಟಿ ಬ್ಯಾಟ್ಸ್‌ಮನ್‌ಗಳಿಗೂ ತಿಳಿಯುತ್ತಿರಲಿಲ್ಲ. ಹೀಗಿರುವಾಗ, ವಿದೇಶದ ಒಂದು ಟೆಸ್ಟ್ ಪಂದ್ಯದಲ್ಲಿ ಅವನ ಬೆರಳುಗಳು ಇದ್ದಕ್ಕಿದ್ದಂತೆ ಬಿಗಿದುಕೊಂಡವು. ಒಂದು ಎಸೆತ ಅವನ ಕಾಲ ಬುಡದಲ್ಲೇ ಬಿತ್ತು, ಇನ್ನೊಂದು ವಿಕೆಟ್ ಕೀಪರ್‌ನ ತಲೆಯ ಮೇಲಿಂದ ಹಾರಿಹೋಯಿತು. ಕ್ರೀಡಾಂಗಣವೆಲ್ಲ ಗೊಳ್ಳೆಂದು ನಕ್ಕಿತು.

"ಬೆರಳಿಗೆ ಏನಾಯ್ತೋ?" ಎಂದು ನಾಯಕ ಓಡಿಬಂದು ಕೇಳಿದ.

"ಬೆರಳಿಗೇನೂ ಆಗಿಲ್ಲ. ಚೆಂಡು ಬಿಡು ಅಂದ್ರೆ ಬಿಡ್ತಿಲ್ಲ ಅಷ್ಟೇ."

ಡಾಕ್ಟರುಗಳು ಕೈಯಲ್ಲಿ ಯಾವ ದೋಷವೂ ಇಲ್ಲವೆಂದರು. ತಂಡದಿಂದ ಹೊರಬಿದ್ದ ಮೇಲೆ ಅವನು ದಿನವೂ ಬೆಳಿಗ್ಗೆ ಮನೆಯ ತಾರಸಿಯಲ್ಲಿ ಬೌಲ್ ಮಾಡತೊಡಗಿದ. ಹೆಂಡತಿ ಆಚೆ ತುದಿಯಲ್ಲಿ ನಿಂತು ಚೆಂಡು ಹಿಡಿಯುತ್ತಿದ್ದಳು. ಅಲ್ಲಿ ಅದು ಮೊದಲಿನಂತೆಯೇ ಸರ್ರನೆ ತಿರುಗುತ್ತಿತ್ತು.

"ನಿಮ್ಮ ಕೈ ಸರಿಹೋಯ್ತು ಕಣ್ರೀ!" ಎಂದು ಒಂದು ದಿನ ಅವಳು ಹಿಗ್ಗಿದಳು. ಮಗಳ ಪ್ಲಾಸ್ಟಿಕ್ ಬ್ಯಾಟ್ ಎತ್ತಿಕೊಂಡು, "ಎಲ್ಲಿ, ನನ್ನ ಔಟ್ ಮಾಡಿ ನೋಡೋಣ," ಎಂದು ತಮಾಷೆಗೆ ಬಾಗಿ ನಿಂತಳು.

ಅವನು ನಗುತ್ತಲೇ ಓಡಿಬಂದ. ಕೈ ಮೇಲೇರಿತು, ಚೆಂಡು ಬೀಳಲಿಲ್ಲ. ಮತ್ತೊಮ್ಮೆ ಬಂದ; ಆಗಲೂ ಅಷ್ಟೇ. ಆ ಆಟಿಕೆಯ ಬ್ಯಾಟಿನ ಎದುರಿಗೂ ಅವನ ಬೆರಳುಗಳು ಸಡಿಲವಾಗಲಿಲ್ಲ.

ಅವಳ ಮುಖ ಬಾಡಿತು. ಬ್ಯಾಟನ್ನು ಗೋಡೆಗೆ ಒರಗಿಸಿ ಹತ್ತಿರ ಬಂದು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇನ್ನು ಆಡಲ್ಲ ಅಂತ ಹೇಳ್ಬಿಡ್ತೀನಿ ಕಣೇ," ಎಂದ.

"ಹೂಂ," ಎಂದಳು.

ಅಂದೇ ಮಧ್ಯಾಹ್ನ ಅವನು ನಿವೃತ್ತಿ ಘೋಷಿಸಿದ. ವರದಿಗಾರರು ಕಾರಣ ಕೇಳಿದಾಗ, ಭುಜದ ನೋವು ಎಂದುಬಿಟ್ಟ.