ಬೇಸ್‌ಬಾಲ್ ಎಂದು ಹೇಳಿಸಿದವನು

ಜಮೀಲನ ಕಂಠ ಚೆನ್ನಾಗಿತ್ತು. ಅಮೆರಿಕದ ಸೆಂಟರ್‌ವಿಲ್‌ನ ಕನ್ನಡದವರು ಅವನನ್ನು ದೊಡ್ಡ ಮನುಷ್ಯ ಎಂದುಕೊಳ್ಳಲು ಅಷ್ಟೇ ಸಾಕಾಗಿತ್ತು. ರಾಜ್ಯೋತ್ಸವವಿರಲಿ, ಈದ್ ಊಟವಿರಲಿ, ಮೈಕು ತಾನಾಗಿಯೇ ಅವನ ಕೈಗೆ ಹೋಗುತ್ತಿತ್ತು. ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಈಗ ಅಮೆರಿಕದ್ದೇ ಪೌರ. ಯಾವುದೋ ಕನ್ಸಲ್ಟಿಂಗ್ ಕಂಪನಿಯ ಮೀಟಿಂಗುಗಳಲ್ಲಿ ಗಂಭೀರವಾಗಿ ತಲೆಯಾಡಿಸುವುದು ಉದ್ಯೋಗ.

ಕಳೆದ ಅಧ್ಯಕ್ಷೀಯ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂದು ಫೋನಿನಲ್ಲಿ ಬಾಜಿ ಕಟ್ಟಲು ಶುರುಮಾಡಿದ. ಚುನಾವಣೆ ಮುಗಿಯಿತು, ಚಟ ಉಳಿಯಿತು. ರಾಜಕಾರಣಿಗಳ ಬಾಯಿಂದ ಯಾವ ಪದ ಬೀಳುತ್ತದೆ ಎಂಬುದರ ಮೇಲೂ ಬಾಜಿ ಇದೆಯೆಂದು ಆಗ ಗೊತ್ತಾಯಿತು. ಇಂದಿನ ಭಾಷಣದಲ್ಲಿ ತಮ್ಮ ರಾಜ್ಯದ ಸೆನೆಟರ್ ‘ಕ್ರಿಪ್ಟೊ’ ಎನ್ನುತ್ತಾನೋ ಇಲ್ಲವೋ? ‘ದೇವರು’ ಎನ್ನುತ್ತಾನೋ ಇಲ್ಲವೋ? ‘ಹೌದು’ ಎಂಬ ಟಿಕೆಟನ್ನೋ ‘ಇಲ್ಲ’ ಎಂಬ ಟಿಕೆಟನ್ನೋ ಕೊಳ್ಳಬೇಕು, ಊಹೆ ನಿಜವಾದರೆ ದುಡ್ಡು. ಕೊಳ್ಳುವವರು ಹೆಚ್ಚಾದಂತೆ ಬೆಲೆ ಏರುತ್ತದೆ. ಇದು ಹರಾಮ್ ಅಲ್ಲವೇ ಎಂದು ಹೆಂಡತಿ ದಿಲ್ಶಾದ್ ಕೇಳಿದಾಗ, ಇದು ಜೂಜಲ್ಲ, ಮಾರ್ಕೆಟ್ ಎಂದು ಅವಳಿಗೆ ಪಾಠ ಮಾಡಿದ.

ಆಫೀಸಿಗೆ ಡ್ರೈವ್ ಮಾಡುವಾಗಲೂ ಭಾಷಣ ಕೇಳುತ್ತಿದ್ದ. ಯುದ್ಧದ ಬಗ್ಗೆ ಸೆನೆಟರ್ ಏನು ಹೇಳಿದ ಎಂದರೆ ಗೊತ್ತಿಲ್ಲ. ಯುದ್ಧ ಎಂಬ ಪದ ಬಂತೋ ಇಲ್ಲವೋ ಎಂಬುದು ಮಾತ್ರ ಗೊತ್ತು. ಅಷ್ಟನ್ನು ಇಟ್ಟುಕೊಂಡೇ ಊಟಕ್ಕೆ ಹೋದ ಮನೆಗಳಲ್ಲಿ ರಾಜಕೀಯ ಪಂಡಿತನಂತೆ ಮಾತಾಡುತ್ತಿದ್ದ. ಜನ ಕೇಳುತ್ತಿದ್ದರು.

ನೀಲಗಂಗಾ ನಂಬಿದ್ದು ಇಂಥವನನ್ನು. ಅವಳು ಕಲಬುರಗಿಯವಳು, ಊರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದವಳು. ಇಲ್ಲಿ ಗಂಡ ಶಿವಶರಣಪ್ಪನ ವೀಸಾದ ನೆರಳಿನಲ್ಲಿ ವರ್ಕ್ ಪರ್ಮಿಟ್ ಪಡೆದು ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದಳು. ಪರ್ಮಿಟ್‌ನ ನವೀಕರಣ ಸರ್ಕಾರಿ ಕಚೇರಿಯಲ್ಲಿ ತಿಂಗಳುಗಟ್ಟಲೆ ಕೊಳೆಯಿತು. ಅವಧಿ ಮುಗಿದ ದಿನ ಕ್ಲಿನಿಕ್ಕಿನವರು ಕೋಟು ವಾಪಸ್ ಪಡೆದು ಮನೆಗೆ ಕಳಿಸಿದರು. ಅವಳಂಥ ಹೆಂಗಸರು ಆ ಬಡಾವಣೆಯಲ್ಲೇ ಹಲವರಿದ್ದರು.

ಅಷ್ಟರಲ್ಲಿ ಸೆನೆಟರ್ ಶನಿವಾರ ಮಧ್ಯಾಹ್ನ ಹತ್ತಿರದ ಶಾಲೆಗೆ ಬರುತ್ತಾನೆಂದು ತಿಳಿಯಿತು. ಮೊದಲು ಭಾಷಣ, ಆಮೇಲೆ ಜನರ ಪ್ರಶ್ನೆ.

“ಜಮೀಲಣ್ಣ, ನನಗ ವೋಟಿಲ್ಲ, ನಿಮಗ ಐತಿ. ಪರ್ಮಿಟ್ ಯಾಕ ತಡ ಅಂತ ನೀವು ಕೇಳಿದ್ರ ಅವ್ರು ಕಿವಿಗೆ ಹಾಕ್ಕೋತಾರ,” ಎಂದಳು ನೀಲಗಂಗಾ.

“ಅಯ್ಯೋ, ಅದಕ್ಕೇನಮ್ಮ! ಡೆಫಿನೆಟ್ ಆಗಿ ಕೇಳ್ತೀನಿ. ನನಗೆ ಬಿಟ್ಬಿಡಿ,” ಎಂದ ಜಮೀಲ, ಎದೆಯ ಮೇಲೆ ಕೈಯಿಟ್ಟು.

ಶನಿವಾರ ಸಭಾಂಗಣ ತುಂಬಿತ್ತು. ಸೆನೆಟರ್ ಭಾಷಣ ಮುಗಿಸಿದ. ಪ್ರಶ್ನೆ ಕೇಳಲು ಚೀಟಿ ಎತ್ತಿದರು. ಜಮೀಲನ ಹೆಸರು ಬಂತು. ಎರಡು ಸಾಲು ಹಿಂದೆ ಕೂತಿದ್ದ ನೀಲಗಂಗಾ ಗಂಡನ ಕೈ ಹಿಡಿದುಕೊಂಡಳು. ಜಮೀಲ ಎದ್ದು, ಗಂಟಲು ಸರಿಮಾಡಿಕೊಂಡು, ತನ್ನ ಸುಂದರ ಕಂಠದಲ್ಲಿ ಕೇಳಿದ್ದು ಇಷ್ಟು: ಸೆನೆಟರ್ ಅವರೇ, ಚಿಕ್ಕಂದಿನಲ್ಲಿ ನಿಮ್ಮ ಮೆಚ್ಚಿನ ಆಟ ಯಾವುದಾಗಿತ್ತು?

ಸೆನೆಟರ್‌ನ ಮುಖ ಅರಳಿತು. “ಬೇಸ್‌ಬಾಲ್!” ಎಂದ. ಅಪ್ಪ, ಹಳೆಯ ಮೈದಾನ, ಹರಿದ ಗ್ಲೌಸು ಎಂದು ಹೇಳುತ್ತಲೇ ಹೋದ. ಜನ ನಕ್ಕರು. ಜಮೀಲ “ಇನ್ನೊಂದು ಪ್ರಶ್ನೆ” ಎನ್ನುವಷ್ಟರಲ್ಲಿ ಕಾರ್ಯಕರ್ತೆಯೊಬ್ಬಳು ಮೈಕು ಕಿತ್ತುಕೊಂಡು ಮುಂದಿನವರಿಗೆ ಕೊಟ್ಟಳು. ಅವನು ಕೂತ ಕೂಡಲೇ ಫೋನ್ ತೆಗೆದ. ‘ಬೇಸ್‌ಬಾಲ್’ ಎಂಬ ಪದದ ಬೆಲೆ ಚಂಗನೆ ಮೇಲೇರಿತ್ತು. ಪಕ್ಕದಲ್ಲಿದ್ದ ದಿಲ್ಶಾದ್ ಅದನ್ನು ನೋಡಿದಳು.

ಪಾರ್ಕಿಂಗ್ ಲಾಟಿನಲ್ಲಿ ನೀಲಗಂಗಾ ಎದುರಿಗೆ ನಿಂತಳು. “ಜಮೀಲಣ್ಣ, ಆಟದ ಮಾತು ಯಾಕ ಕೇಳಿದ್ರಿ?”

“ಸುಮ್ನೆ ಮೂಡ್ ಲೈಟ್ ಮಾಡೋಣ ಅಂತ. ಆಮೇಲೆ ನಿಮ್ಮ ಟಾಪಿಕ್ ತರೋಣ ಅಂದ್ಕೊಂಡೆ, ಟೈಮೇ ಕೊಡ್ಲಿಲ್ಲ.”

“ಸುಳ್ಳು,” ಎಂದಳು ದಿಲ್ಶಾದ್. “ಆ ಪದ ಹೇಳ್ತಾರೆ ಅಂತ ಬೆಟ್ ಮಾಡಿದ್ರು. ಹೇಳಿಸೋಕೆ ಕೇಳಿದ್ರು.”

ನೀಲಗಂಗಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹೊಲಸು ಕಂಡವರಂತೆ ಒಂದು ಹೆಜ್ಜೆ ಹಿಂದೆ ಸರಿದಳು.

ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಸ್ವಲ್ಪ ಮಾನ ಉಳಿಯುತ್ತಿತ್ತೇನೋ. “ಬಂದಿದ್ರಲ್ಲಿ ನಿಮಗೂ ಒಂದು ಷೇರ್ ಕೊಡ್ತೀನಮ್ಮ,” ಎಂದುಬಿಟ್ಟ.

“ಹೋಗ್ರಿ ಅತ್ಲಾಗ,” ಎಂದು ನೀಲಗಂಗಾ ಮತ್ತೆ ಸಭಾಂಗಣದ ಒಳಗೆ ನಡೆದಳು. ದಿಲ್ಶಾದ್ ಕಾರಿನ ಕೀಲಿಯನ್ನು ಗಂಡನ ಕೈಗೆ ತುರುಕಿ ಅವಳ ಹಿಂದೆ ಹೋದಳು. ಸೆನೆಟರ್ ಹಿಂಬಾಗಿಲಿನಿಂದ ಹೊರಟಾಗಿತ್ತು. ಅವನ ಸಹಾಯಕನೊಬ್ಬ ಕುರ್ಚಿಗಳ ನಡುವೆ ಸಿಕ್ಕಿದ. ನೀಲಗಂಗಾ ನಡುಗುವ ಇಂಗ್ಲಿಷಿನಲ್ಲಿ ತನ್ನ ವಿಷಯವನ್ನೂ ಉಳಿದ ಹೆಂಗಸರ ವಿಷಯವನ್ನೂ ಹೇಳಿದಳು. ಅವನು ಬರೆದುಕೊಂಡ. ನೋಡುತ್ತೇವೆ ಎಂದ.

ಇತ್ತ ಜಮೀಲನಿಗೆ ದುಡ್ಡೂ ಬರಲಿಲ್ಲ. ಸಿದ್ಧಪಡಿಸಿದ ಭಾಷಣದಲ್ಲಿ ಬಂದ ಪದ ಮಾತ್ರ ಲೆಕ್ಕ, ಪ್ರಶ್ನೋತ್ತರದ್ದಲ್ಲ ಎಂಬ ನಿಯಮ ಆ ಬಾಜಿಯ ಕೆಳಗೇ ಇತ್ತು. ಮಹಾನ್ ಪಂಡಿತ ಅದನ್ನು ಓದಿರಲಿಲ್ಲ. ಏರಿದ ಬೆಲೆ ಅವನು ಕಾರಿನಲ್ಲಿ ಒಬ್ಬನೇ ಕಾಯುತ್ತಿದ್ದಾಗಲೇ ಕುಸಿಯಿತು. ವಾರವಿಡೀ ಅವನು ಬಾಜಿ ನಡೆಸುವ ಕಂಪನಿಗೆ ಇಮೇಲ್ ಬರೆದ: ಅನ್ಯಾಯ, ಮೋಸ, ಸಾಮಾನ್ಯ ಪ್ರಜೆಯ ಹಕ್ಕು! ಆ ಆವೇಶದ ಕಾಲುಭಾಗ ಶನಿವಾರ ಮೈಕಿನ ಮುಂದೆ ಬಂದಿದ್ದರೆ ಸಭಾಂಗಣವೇ ಎದ್ದು ನಿಲ್ಲುತ್ತಿತ್ತು.

ಪರ್ಮಿಟ್ ಕೊನೆಗೂ ಬಂತು. ಸಹಾಯಕನಿಂದ ಬಂತೋ, ಅದರ ಪಾಡಿಗೆ ಅದು ಬಂತೋ, ಯಾರಿಗೂ ತಿಳಿಯಲಿಲ್ಲ. ಹಳೆಯ ಕ್ಲಿನಿಕ್ಕಿನಲ್ಲಿ ಆಗಲೇ ಬೇರೊಬ್ಬಳಿದ್ದಳು. ನೀಲಗಂಗಾಗೆ ಜಾರ್ಜಿಯಾ ರಾಜ್ಯದ ಕಮ್ಮಿಂಗ್‌ನಲ್ಲಿ ಕೆಲಸ ಸಿಕ್ಕಿತು. ಶಿವಶರಣಪ್ಪನೂ ಅತ್ತ ಕಡೆಯ ಆಫೀಸಿಗೆ ವರ್ಗ ಮಾಡಿಸಿಕೊಂಡ.

ಅವರನ್ನು ಬೀಳ್ಕೊಡಲು ದಿಲ್ಶಾದ್ ತನ್ನ ಮನೆಯಲ್ಲೇ ಎಲ್ಲರನ್ನೂ ಊಟಕ್ಕೆ ಕರೆದಳು. ನೀಲಗಂಗಾ ಜೋಳದ ರೊಟ್ಟಿ ತಂದಿದ್ದಳು. ಊಟದ ಕೊನೆಯಲ್ಲಿ ಅಭ್ಯಾಸದಂತೆ ಜಮೀಲ ಲೋಟ ಕೆಳಗಿಟ್ಟು ಎದ್ದು ನಿಂತ.

“ಫ್ರೆಂಡ್ಸ್, ಈ ಸಂದರ್ಭದಲ್ಲಿ ಎರಡು ಮಾತು...”

“ಬೇಡ,” ಎಂದಳು ದಿಲ್ಶಾದ್, ತಟ್ಟೆಗಳನ್ನು ಎತ್ತುತ್ತಲೇ. “ಕೂತ್ಕೊಳ್ಳಿ.”

ಅವನು ಕೂತ. ಯಾರೂ ಅವನತ್ತ ತಿರುಗಲಿಲ್ಲ. ನೀಲಗಂಗಾ ಪಕ್ಕದವರಿಗೆ ಕಮ್ಮಿಂಗ್‌ನ ಹೊಸ ಮನೆಯ ಬಗ್ಗೆ ಹೇಳುತ್ತಿದ್ದಳು.